ಬಾಳೆನಾರಿನ ಇದ್ದಿಲು

ಮಧ್ಯಾಹ್ನ ಎರಡು ಗಂಟೆಗೆ ಪರೀಕ್ಷಕರು ಬರುವವರಿದ್ದರು. ಹನ್ನೆರಡೂವರೆಗೆ ನನ್ನ ಐದನೆಯ ಸೌರಕೋಶವೂ ಕೈಕೊಟ್ಟಿತು.

ಗಂಗಾವತಿಯ ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುತ್ತ, ನಾಲ್ಕು ವರ್ಷದಿಂದ ಪಿಎಚ್.ಡಿ.ಗೆ ಒದ್ದಾಡುತ್ತಿರುವವಳು ನಾನು, ಸುರೇಖಾ. ನನ್ನ ಕೋಶವೆಂದರೆ ಎರಡು ಗಾಜಿನ ಚೂರು. ಒಂದಕ್ಕೆ ಕುಷ್ಟಗಿಯ ದಾಳಿಂಬೆಯ ಬಣ್ಣ ಕುಡಿಸಿರುತ್ತೇನೆ. ಬಿಸಿಲು ಹಿಡಿಯುವುದು ಅದು. ಎದುರಿನ ಗಾಜಿಗೆ ಎಲ್ಲರೂ ಪ್ಲಾಟಿನಂ ಲೇಪಿಸುತ್ತಾರೆ. ಅಷ್ಟು ದುಬಾರಿ ಲೋಹ ನಮಗೆಲ್ಲಿಂದ ಬರಬೇಕು? ನಾನು ಆನೆಗೊಂದಿಯ ಬಾಳೆನಾರು ಸುಟ್ಟು, ಅದರ ಇದ್ದಿಲು ಬಳಿದೆ. ಮೊದಲ ಸಲದ ನಾರು ಪ್ಲಾಟಿನಂಗೆ ಸರಿಸಮನಾಗಿ ಕರೆಂಟು ಕೊಟ್ಟಿತು. ಅದನ್ನು ನಂಬಿಯೇ ಪ್ರಬಂಧ ಬರೆದೆ. ಪರೀಕ್ಷಕ ಕುಬೇರಪ್ಪನವರು ಮಾತ್ರ, ಹೊಸದಾಗಿ ಕೋಶ ಮಾಡಿ ನನ್ನೆದುರಿಗೇ ಅಳೆಯಿರಿ ಎಂದು ಪಟ್ಟು ಹಿಡಿದಿದ್ದರು.

ಎರಡನೆಯ ಸಲದ ನಾರು ಹಾಲಿನಷ್ಟು ಬೆಳ್ಳಗಿತ್ತು. ಕರೆಂಟು ಕಾಲು ಪಾಲೂ ಬರಲಿಲ್ಲ.

ನನ್ನ ಗೈಡ್ ಪ್ರಭುರಾಜ ಸರ್ ಬಾಗಿಲು ಮುಂದೆ ಮಾಡಿ ಹತ್ತಿರ ಬಂದರು. ಮೊದಲ ನಾರಿನ ಒಂದು ಕೋಶ ಕಪಾಟಿನಲ್ಲಿ ಉಳಿದಿತ್ತು.

"ಹಳೇದನ್ನ ಹಚ್ಚಿ ತೋರಸ್ರಿ. ಹೊಸಾದು ಅನ್ರಿ, ಮುಗೀತು."

ಆಸೆಯಾಯಿತು, ಸುಳ್ಳೇಕೆ ಹೇಳಲಿ. ಹೂಂ ಎನ್ನುವ ಮೊದಲು ನಾರು ಕೊಡುವ ಖಾಜಾಬೀಗೆ ಫೋನ್ ಮಾಡಿದೆ. ಮೊದಲ ನಾರಿಗೆ ಏನು ಹಾಕಿದ್ದೆ ಎಂದು ಕೇಳಿದರೆ, ಏನೂ ಹಾಕಿಲ್ಲ ಅಂದಳು. ಅಲ್ಲಾನ ಆಣೆಗೂ ಏನೂ ಇಲ್ಲ ಅಂದಳು. ದನಿ ನಡುಗುತ್ತಿತ್ತು. ನನ್ನ ಬಾಯಿಗೆ ಹೆದರದವರು ಕಡಿಮೆ. ಬೈಯುವುದಿಲ್ಲ ಎಂದು ಮೂರು ಸಲ ಹೇಳಿದ ಮೇಲೆ ಬಾಯಿಬಿಟ್ಟಳು.

"ಬಾಳಿ ದಿಂಡಿನ ಬೂದಿ ನೀರಾಗ ಮೂರು ದಿನ ನೆನಿ ಹಾಕ್ತಿದ್ದೆ ಅಕ್ಕಾರ, ನಾರು ಮೆತ್ತಗಾಗ್ಲಿ ಅಂತ. ನಮ್ಮವ್ವನೂ ಹಂಗ ಮಾಡ್ತಿದ್ಲು. ನೀವು ಬಂದು ನಾರು ಹೊಲಸೈತಿ ಅಂದ್ರಿ, ಇದು ಲ್ಯಾಬಿಗೆ ಹೋಗೋದು ಅಂದ್ರಿ. ಅವತ್ತಿನಿಂದ ಬೂದಿ ಬಿಟ್ಟೇನ್ರಿ. ಫಿಲ್ಟರ್ ನೀರು ತಂದು ತೊಳದೇನಿ."

ಫೋನ್ ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತೆ. ನಾರು ಸುಡುವಾಗ ಬೂದಿಯ ಕ್ಷಾರವೇ ಇದ್ದಿಲನ್ನು ಕೊರೆದು, ಕಣ್ಣಿಗೆ ಕಾಣದ ಸಾವಿರಾರು ತೂತು ಮಾಡಿದ್ದಿರಬೇಕು. ತೂತು ಹೆಚ್ಚಿದಷ್ಟೂ ಕರೆಂಟು ಹೆಚ್ಚು. ಇಂಥ ಪಾಠವನ್ನು ನಾನೇ ತರಗತಿಯಲ್ಲಿ ಹೇಳುತ್ತೇನೆ. 'ಏನೂ ಬೆರೆಸದ ಶುದ್ಧ ನಾರು' ಎಂದು ಪ್ರಬಂಧದ ತುಂಬ ಬರೆದವಳೂ ನಾನೇ.

ಕುಬೇರಪ್ಪನವರು ಎರಡಕ್ಕೆ ಐದು ನಿಮಿಷ ಮೊದಲೇ ಬಂದು, ಕನ್ನಡಕ ಒರೆಸಿಕೊಂಡು, ಮೀಟರಿನ ಮುಂದೆ ಕುಳಿತರು. ಪ್ರಭುರಾಜ ಸರ್ ಹಳೆಯ ಕೋಶವನ್ನು ಮೆಲ್ಲಗೆ ನನ್ನ ಕೈಗಿಟ್ಟರು. ಸಹಿ ಬಿದ್ದರೆ ನಾಳೆಯಿಂದ ಡಾಕ್ಟರ್ ಸುರೇಖಾ.

ಎರಡೂ ಕೋಶಗಳನ್ನು ಅವರ ಮುಂದಿಟ್ಟೆ.

"ಸರ್, ಇದು ಆನೆಗೊಂದಿ ಖಾಜಾಬೀ ಬೂದಿ ನೀರಾಗ ನಾರು ಹದಾ ಮಾಡಿದ್ದು. ಇದು ನಾ ತಿದ್ದಿ ಕೆಡಿಸಿದ್ದು. ನನ್ನ ಪ್ರಬಂಧದಾಗ ಆಕಿ ಕೆಲಸಾನೇ ಇಲ್ರಿ."

ಅವರು ಎರಡನ್ನೂ ಅಳೆದರು. ಆಮೇಲೆ ಸಹಿ ಹಾಕದೆ ಪೆನ್ನು ಮುಚ್ಚಿ, ಆಕೆಯ ಕೆಲಸವನ್ನೂ ಬರೆದು ತನ್ನಿ ಎಂದು ಪ್ರಬಂಧವನ್ನು ನನ್ನ ಕಡೆಗೆ ಸರಿಸಿದರು.