ಕೆಂಪು ಬಟ್ಟೆಯ ಗರ್ಭಕೋಶ

ನಾನು ದರ್ಜಿ. ನಲವತ್ತು ವರ್ಷಗಳಿಂದ ಅಂಗಿ, ಲಂಗ, ಪರದೆ ಎಲ್ಲ ಹೊಲಿದಿದ್ದೇನೆ. ಜೊತೆಗೆ ಹನ್ನೊಂದು ಗರ್ಭಕೋಶ. ನಗಬೇಡಿ. ನನ್ನ ಹೆಂಡತಿ ನರ್ಸು. ಮಕ್ಕಳಿಗೆ ತಮ್ಮ ಮೈಯ ವಿಷಯ ತಮಗೇ ಗೊತ್ತಿರಬೇಕೆಂದು ಶಾಲೆಯಿಂದ ಶಾಲೆಗೆ ಅಲೆದು ಪಾಠ ಹೇಳಿದವರಲ್ಲಿ ಈ ಊರಿಗೆ ಅವಳೇ ಮೊದಲು. ಚಿತ್ರ ತೋರಿಸಿದರೆ ಮಕ್ಕಳು ತಲೆ ತಗ್ಗಿಸುತ್ತವೆ, ಕೈಗೇ ಕೊಟ್ಟರೆ ತಿರುಗಿಸಿ ನೋಡುತ್ತವೆ ಎನ್ನುತ್ತಾಳೆ. ಹಾಗಾಗಿ ನಾನು ಹೊಲಿದುಕೊಡುತ್ತೇನೆ: ಹತ್ತಿ ತುಂಬಿದ ಕೆಂಪು ಬಟ್ಟೆ, ಒಳಗೆ ಅಂಗೈಯಷ್ಟು ಗೊಂಬೆಮಗು, ಕೆಳಗೆ ಎಲಾಸ್ಟಿಕ್ ಹಾಕಿದ ಬಾಯಿ. ಅಂಗಡಿಗೆ ಬಂದವರು "ಇದೇನು, ಟೋಪಿನಾ?" ಎಂದು ಕೇಳುತ್ತಿದ್ದರು. ಮೊದಮೊದಲು ಹೂಂಗುಟ್ಟಿ ಸುಮ್ಮನಾಗುತ್ತಿದ್ದೆ. ಆಮೇಲೆ ರೋಸಿಹೋಗಿ ಇದ್ದದ್ದನ್ನು ಇದ್ದಹಾಗೇ ಹೇಳತೊಡಗಿದೆ. ಇಬ್ಬರು ಗಿರಾಕಿಗಳು ಬಿಟ್ಟುಹೋದರು. ಹೋಗಲಿ, ಯಾರಿಗೆ ಬೇಕು.

ಒಂದು ವರ್ಷ ಊರಿನ ದೊಡ್ಡ ಶಾಲೆಯ ಪೋಷಕರು ಈ ಪಾಠ ನಿಲ್ಲಲೇಬೇಕೆಂದು ಪಟ್ಟು ಹಿಡಿದರು. ಅವರ ಮುಂದಾಳು ಶಾಲಾ ಸಮಿತಿಯ ಅಧ್ಯಕ್ಷೆ, ಆರು ಮೊಮ್ಮಕ್ಕಳ ಅಜ್ಜಿ. ಸೋಮವಾರ ನಮ್ಮ ಮುಂದೆ ಒಂದು ಸಲ ಪಾಠ ಮಾಡಿ ತೋರಿಸಲಿ, ಆಮೇಲೆ ತೀರ್ಮಾನ ಎಂದರು. ಈ ಶಾಲೆ ಬೇಡವೆಂದರೆ ಉಳಿದವೂ ಬಾಗಿಲು ಹಾಕುತ್ತವೆಂದು ನಮಗೆ ಗೊತ್ತಿತ್ತು. ಹಳೆಯ ಗರ್ಭಕೋಶ ಮಕ್ಕಳ ಕೈಯಲ್ಲಿ ಹಿಂಜಿಹೋಗಿತ್ತು. ಯೂನಿಫಾರಂ ಹೊಲಿಯುವ ಗಡಿಬಿಡಿಯ ನಡುವೆಯೇ ಹೊಸದೊಂದನ್ನು ಹೊಲಿದುಕೊಟ್ಟೆ.

ಸಭೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಅವಳು ಚೆನ್ನಾಗಿಯೇ ಶುರುಮಾಡಿದಳು. "ದಿನ ತುಂಬಿದ ಮೇಲೆ ಇದು ಹೀಗೆ ಬಿಗಿಯಾಗ್ತಾ ಆಗ್ತಾ ಮಗೂನ ಕೆಳಗೆ ತಳ್ಳತ್ತೆ" ಎನ್ನುತ್ತ ಒತ್ತಿದಳು. ಮಗು ಬರಲಿಲ್ಲ. ಇನ್ನೊಮ್ಮೆ ಒತ್ತಿದಳು. ಆಗ ನನಗೆ ಹೊಳೆಯಿತು. ವಾರವಿಡೀ ಯೂನಿಫಾರಂ ಜೇಬುಗಳ ತಳಕ್ಕೆ ಎರಡು ಸಾಲು ಹೊಲಿಗೆ ಹಾಕಿದ ಕೈ, ಎಲಾಸ್ಟಿಕ್ ಮರೆತು ಇದರ ಬಾಯಿಗೂ ಎರಡು ಸಾಲು ಹಾಕಿ ಮುಚ್ಚಿಬಿಟ್ಟಿತ್ತು. ಯಾರೋ ಕಿಸಕ್ಕೆಂದರು. ಅವಳು ನನ್ನತ್ತ ನೋಡಿದ ನೋಟ ನನ್ನ ಶತ್ರುವಿಗೂ ಬೇಡ.

ಅಷ್ಟರಲ್ಲಿ ಅಜ್ಜಿ ಎದ್ದು ಬಂದರು. ಮುಗಿಯಿತು ಕಥೆ ಎಂದುಕೊಂಡೆ. ಅವರು ಅದನ್ನು ಕೈಗೆ ತೆಗೆದುಕೊಂಡು ಹಿಂದೆಮುಂದೆ ತಿರುಗಿಸಿದರು.

"ನನ್ನ ಮೊದಲನೇ ಹೆರಿಗೇನೂ ಹೀಗೇ ಆಯ್ತು" ಎಂದರು ಮೆಲ್ಲಗೆ. "ಎರಡು ದಿನ. ಹದಿನೇಳು ವರ್ಷ ನನಗೆ. ಮಗು ಎಲ್ಲಿಂದ ಬರತ್ತೆ ಅಂತಾನೇ ಗೊತ್ತಿರಲಿಲ್ಲ. ಹೊಕ್ಕಳು ಒಡೆಯತ್ತೆ ಅಂದ್ಕೊಂಡು ಅದನ್ನೇ ಎರಡೂ ಕೈಯಲ್ಲಿ ಮುಚ್ಚಿಕೊಂಡು ಮಲಗಿದ್ದೆ."

ಆ ಮಗು ಈಗ ಬೋಳುತಲೆಯ ಗಂಡಸಾಗಿ ಎರಡನೇ ಸಾಲಿನಲ್ಲಿ ಕೂತು ತಾಯಿಯನ್ನೇ ನೋಡುತ್ತಿತ್ತು.

"ಒಬ್ಬರಾದ್ರೂ ಹೇಳಬಾರದಿತ್ತೇನಮ್ಮಾ?" ಎಂದು ಅಜ್ಜಿ ನನ್ನ ಹೆಂಡತಿಯನ್ನು ಕೇಳಿದರು.

"ಹೇಳಬೇಕಿತ್ತು ಅಮ್ಮ" ಎಂದಳು ಇವಳು. ಅವಳ ಕಣ್ಣು ತುಂಬಿತ್ತು, ನನ್ನದೂ.

ಅಜ್ಜಿ ನನ್ನತ್ತ ತಿರುಗಿದರು. "ಏನಪ್ಪಾ, ಕತ್ತರಿ ಇದೆಯಾ?"

ನನ್ನ ಜೇಬಿನಲ್ಲಿ ಕತ್ತರಿ ಇಲ್ಲದ ದಿನವಿಲ್ಲ. ಹೋಗಿ ಹೊಲಿಗೆ ಬಿಚ್ಚಿದೆ. ಅಜ್ಜಿ ತಾವೇ ಒತ್ತಿದರು. ಗೊಂಬೆ ಜಾರಿ ಅವರ ಅಂಗೈಗೆ ಬಂತು. ಅದನ್ನು ನನ್ನ ಹೆಂಡತಿಯ ಕೈಗಿಟ್ಟರು.

"ನನ್ನ ಮೊಮ್ಮಗಳು ಏಳನೇ ಕ್ಲಾಸು" ಎಂದರು ಅವಳಿಗೆ. "ಅವಳನ್ನ ಮುಂದಿನ ಬೆಂಚಲ್ಲಿ ಕೂರಿಸು."