ಭರಣಿಯ ಮಣ್ಣು

ಕುವೈತಿನಲ್ಲಿ ಎಣ್ಣೆ ಎಲ್ಲೆಲ್ಲಿ ಸೋರಿತೋ ಅಲ್ಲೆಲ್ಲ ಹೋಗಿ ಮಣ್ಣು ಅಗೆದವರು ರುಡಾಲ್ಫರು. ಸೋರಿದ್ದು ಯಾರ ಎಣ್ಣೆ, ಹಳೆಯದೋ ಹೊಸದೋ, ನಷ್ಟ ಯಾರ ತಲೆಗೆ ಬರಬೇಕು ಎಂದು ಶೋಧಿಸಿ ವಿಮೆ ಕಂಪನಿಗಳಿಗೆ ವರದಿ ಬರೆಯುವುದು ಅವರ ಕಸುಬು. ಆ ಕಸುಬಿನಲ್ಲಿ ಅವರು ಬಹಳ ಕಟ್ಟುನಿಟ್ಟು. ಬೇರೆ ಎಣ್ಣೆಯ ಸೋಂಕು ತಗಲೀತೆಂದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಣ್ಣು ತಂದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ಡೀಸೆಲ್ ಗಾಡಿಯ ಪಕ್ಕದಲ್ಲಿ ಇಟ್ಟಿದ್ದ ಮಣ್ಣಾದರೆ ಮುಟ್ಟುತ್ತಲೂ ಇರಲಿಲ್ಲ.

ಅಂಥವರ ಪಾಲಿಗೆ ಈ ಬೇಸಿಗೆಯ ಕೊನೆಗೆ ಬಂದದ್ದು ವಫ್ರಾದ ಒಂದು ತರಕಾರಿ ತೋಟ. ತೋಟದ ಬೇಲಿಯ ಹಿಂದೆ ಹಾದುಹೋಗುವ ಎಣ್ಣೆ ಪೈಪು ಸದ್ದಿಲ್ಲದೆ ಸೋರಿ, ಸೌತೆ ಬಳ್ಳಿಗಳೆಲ್ಲ ಬುಡದಿಂದ ಕಪ್ಪಾಗಿದ್ದವು. ಪೈಪಿನ ಕಂಪನಿಗೆ ವಿಮೆ ಕೊಟ್ಟವರು ಒಪ್ಪಲಿಲ್ಲ. ಇದು ಯುದ್ಧದ ಕಾಲದಲ್ಲಿ ನೆಲ ಕುಡಿದ ಎಣ್ಣೆ, ಮೊದಲೇ ಇತ್ತು ಎಂದರು. ಎರಡೂ ಒಂದೇ ಸೀಮೆಯ ಬಾವಿಗಳ ಎಣ್ಣೆ. ಇಲ್ಲಿಯ ಬಿಸಿಲಿಗೆ ಹೊಸದೂ ಬೇಗ ಮುದಿಯಾಗುತ್ತದೆ. ಪೈಪು ಸೋರುವುದಕ್ಕೆ ಮೊದಲಿನ ಒಂದು ಹಿಡಿ ಮಣ್ಣು ಸಿಕ್ಕಿದರೆ ಮಾತ್ರ ಸತ್ಯ ತಿಳಿದೀತು.

ತೋಟ ನೋಡಿಕೊಳ್ಳುವವನು ಬೆಳ್ಮಣ್ ಕಡೆಯ ರಾನ್ಸನ್. ಪರಿಹಾರ ಬಾರದಿದ್ದರೆ ತೋಟ ಮುಚ್ಚುತ್ತೇನೆ ಎಂದು ಅವನಿಗೆ ವೀಸಾ ಕೊಟ್ಟ ಯಜಮಾನ, ಕಫೀಲ್, ಹೇಳಿಬಿಟ್ಟಿದ್ದ. ತೋಟ ಮುಚ್ಚಿದರೆ ಇಲ್ಲಿ ಉಳಿಯುವ ಪರವಾನಗಿ, ಇಕಾಮಾ, ಹೋಯಿತು. ರಾನ್ಸನ್ನನೂ ಹೆಂಡತಿ ಕ್ಲಾರಿಸ್ಸಾಳೂ ಊರಿನ ವಿಮಾನ ಹತ್ತಬೇಕು. ಊರಿನಲ್ಲಿ ಅವರಿಗೆ ಕಾಲೂರಲು ಜಾಗವಿರಲಿಲ್ಲ.

“ನಿಮ್ಮ ಮೂಗು ಎಂತ ಹೇಳ್ತದೆ ಬಾಬ್?” ಗುಂಡಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತು ರಾನ್ಸನ್ ಕೊಂಕಣಿಯಲ್ಲಿ ಕೇಳಿದ; ಹಿರಿಯರನ್ನು ಅವನು ಬಾಬ್ ಎಂದೇ ಕರೆಯುವುದು.

“ಹೊಸ ಎಣ್ಣೆ ಅಂತ ಹೇಳ್ತದೆ. ಆದ್ರೆ ನನ್ನ ಮೂಗಿನ ಸಾಕ್ಷಿ ನಡಿಯುದಿಲ್ಲ ಮಾರಾಯ. ಹಳೆ ಮಣ್ಣು ಎಲ್ಲಿಯಾದ್ರೂ ಉಂಟಾ?”

“ಮಣ್ಣನ್ನು ಯಾರು ತೆಗೆದಿಡ್ತಾರೆ? ಬಂಗಾರವಾ ಅದು?” ಎಂದು ನಕ್ಕವನು ನಡುವೆಯೇ ನಿಲ್ಲಿಸಿದ. “ಬಾಬ್, ಮರೀನಾ ಬಾಯಿಯ ಭರಣಿ!”

ರುಡಾಲ್ಫರು ಕೈಯಲ್ಲಿದ್ದ ಮಣ್ಣನ್ನು ಗುಂಡಿಗೆ ಬಿಟ್ಟು ಎದ್ದರು.

ಮರಿಯ ಮಾತೆಯ ಜನ್ಮದಿನದ ಮೊಂತಿ ಹಬ್ಬಕ್ಕೆ ಹೊಸ ತೆನೆಯಿಲ್ಲದೆ ಆಗುವುದುಂಟೇ? ರಾನ್ಸನ್ ಪ್ರತಿವರ್ಷ ಸೌತೆಯ ತಂಪು ಮನೆಯಲ್ಲೇ ಒಂದು ಮೂಲೆಗೆ ಭತ್ತ ಬಿತ್ತಿ, ಹಬ್ಬದ ಶುಕ್ರವಾರ ಇಗರ್ಜಿಗೆ ತೆನೆ ಹೊತ್ತು ತರುತ್ತಿದ್ದ. ಪಾದ್ರಿಗಳು ಆಶೀರ್ವದಿಸಿದ ಮೇಲೆ ಮನೆಗೊಂದರಂತೆ ಹಂಚುವರು. ಕಳೆದ ವರ್ಷ ರುಡಾಲ್ಫರ ಹೆಂಡತಿ ಮರೀನಾ ಕಾಯಿಲೆಯಿಂದ ಇಗರ್ಜಿಗೆ ಹೋಗಲಾರದೆ ಹೋದಳು. ಅವಳಿಗೆಂದು ರಾನ್ಸನ್ ಒಂದು ಬುಡವನ್ನು ಬೇರು ಮಣ್ಣು ಸಮೇತ ಕಿತ್ತು, ಗಾಜಿನ ಭರಣಿಯಲ್ಲಿಟ್ಟು ಸಲ್ವಾದ ಮನೆಗೆ ತಂದಿದ್ದ. ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಮರೀನಾ ತೆಗೆಸಿಕೊಂಡ ಫೋಟೊ ಇತ್ತು. ತೆನೆಯ ಕಾಳನ್ನು ಹಾಲಿಗೆ ಹಾಕಿ ಕುಡಿದಾಯಿತು. ಬುಡವನ್ನು ಮಾತ್ರ ಅವಳು ಬಿಸಾಡಲಿಲ್ಲ. ಪಡುವಣ ಕಿಟಕಿಯ ಬಳಿ, ಮಾತೆಯ ಮೂರ್ತಿಯ ಮುಂದೆ ಇಟ್ಟು ನೀರೆರೆದಳು. ಈ ಜುಲೈಯಲ್ಲಿ ಅವಳು ಹೋದಳು.

ಶವವನ್ನು ಊರಿಗೆ ಒಯ್ಯುವ ದಿನ ರುಡಾಲ್ಫರು ಆ ಭರಣಿಯ ಮಣ್ಣಿನಲ್ಲಿ ಒಂದು ದಪ್ಪ ಮೋಂಬತ್ತಿ ನೆಟ್ಟರು. ಹೊತ್ತಿಸಲಿಲ್ಲ, ಮುಚ್ಚಿದ ಮನೆಯಲ್ಲಿ ಬೆಂಕಿ ಬಿಟ್ಟುಹೋಗಬಾರದಲ್ಲ. ಏಸಿ ಆರಿಸಿ, ಬೀಗ ಹಾಕಿ ಹೊರಟರು. ತಿಂಗಳ ಪೂಜೆ ಮುಗಿಸಿ ಬಂದು ಬೀಗ ತೆಗೆದರೆ ಮೋಂಬತ್ತಿ ಇಲ್ಲ! ಬತ್ತಿಯ ನೂಲು ಮಾತ್ರ ಮಣ್ಣಿನ ಮೇಲೆ ಮಲಗಿತ್ತು. ಅವರು ಅಲ್ಲೇ ಮೊಣಕಾಲೂರಿದರು. ಯಾರೂ ಹೊತ್ತಿಸದ ಮೋಂಬತ್ತಿ ಮರೀನಾಳಿಗಾಗಿ ಉರಿದಿದೆ, ಮಾತೆಯೇ ಹೊತ್ತಿಸಿದ್ದಾಳೆ, ಅವಳು ತಲುಪುವಲ್ಲಿಗೆ ತಲುಪಿದ್ದಾಳೆ ಎಂದು ಅತ್ತರು. ಸಾವಿನ ನಂತರ ಅವರು ಸಮಾಧಾನದಿಂದ ಅತ್ತದ್ದು ಅದೊಂದೇ ಸಲ. ನೂಲನ್ನು ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟುಕೊಂಡರು. ಕ್ಲಾರಿಸ್ಸಾಳಿಗೆ ಹೇಳಿದರು, ಅವಳು ಇಗರ್ಜಿಗೆಲ್ಲ ಹೇಳಿದಳು. ಹೆಂಗಸರು ಬಂದು ಭರಣಿಯ ಮುಂದೆ ಜಪಸರ ಮಾಡಿ ಹೋದರು.

ಈಗ ಆ ಮಣ್ಣನ್ನು ಪ್ರಯೋಗಶಾಲೆಗೆ ಕೊಡಬೇಕು.

ವಿಮೆ ಕಂಪನಿಯ ವಿವೇಕ್ ಮೈಸೂರಿನ ಹುಡುಗ, ಒಳ್ಳೆಯವನು. ಫೋಟೊ ನೋಡಿ, “ಸರ್, ಇದು ನಡೆಯುತ್ತೆ. ತಾರೀಖು ಇದೆ, ಮಣ್ಣು ಎಲ್ಲಿಂದ ಬಂತು ಅಂತ ರಾನ್ಸನ್ ಹೇಳಿಕೆನೂ ಇದೆ. ಕ್ಲೀನ್ ಅಂತ ಬಂದ್ರೆ ಹೆಡ್ ಆಫೀಸ್ ಹತ್ರ ನಾನು ಜಗಳ ಆಡ್ತೀನಿ” ಎಂದ.

ರುಡಾಲ್ಫರು ಕೈ ತೊಳೆದು, ಶಿಲುಬೆಯ ಗುರುತು ಮಾಡಿ, ಸ್ಟೀಲಿನ ಚಮಚದಿಂದ ಮಣ್ಣು ತೆಗೆದರು. ಮಣ್ಣು ಹೆಂಟೆಯಂತೆ ಗಟ್ಟಿಯಾಗಿತ್ತು. ನೀರೆರೆಯುವವಳು ಇಲ್ಲದೆ ಒಣಗಿದೆ ಎಂದುಕೊಂಡರು. ಬೇರುಗಳ ಎಡೆಯಲ್ಲಿ ಮರೀನಾಳ ಬೆರಳು ಆಡಿದ ಮಣ್ಣು! ಒಂದು ಚೂರನ್ನೂ ಉಳಿಸಿಕೊಳ್ಳಲಿಲ್ಲ. ಗಾಜಿನ ಸೀಸೆಗೆ ತುಂಬಿ, ಮುಚ್ಚಳದೊಳಗೆ ಅಲ್ಯೂಮಿನಿಯಂ ಹಾಳೆ ಕೊಟ್ಟು, ಐಸ್ ಪೆಟ್ಟಿಗೆಯಲ್ಲಿಟ್ಟು ತಾವೇ ಒಯ್ದರು.

ಹಬ್ಬದ ವಾರ ವಿವೇಕ್ ಫೋನು ಮಾಡಿದ.

“ಸರ್, ರಿಸಲ್ಟ್ ಬಂತು. ಅದರಲ್ಲಿ ಮೇಣ ಇದೆ.”

“ಎಂತ?”

“ಮೇಣ ಸರ್. ತಳದವರೆಗೂ. ನೀವು ಅದರಲ್ಲಿ ಕ್ಯಾಂಡಲ್ ಏನಾದ್ರೂ ಇಟ್ಟಿದ್ರಾ?”

ರುಡಾಲ್ಫರು ಕಿಟಕಿಯ ಕಡೆ ನೋಡಿದರು. ಇಳಿಬಿಸಿಲು ನೇರವಾಗಿ ಬಂದು ಬರಿದಾದ ಭರಣಿಯ ಮೇಲೆ ಬಿದ್ದಿತ್ತು. ಮುಟ್ಟಿದರು, ಏಸಿ ಓಡುತ್ತಿದ್ದರೂ ಗಾಜು ಕಾದಿತ್ತು. ಆಗಸ್ಟಿನಲ್ಲಿ, ಬೀಗ ಹಾಕಿದ ಮನೆಯಲ್ಲಿ ಇದು ಎಷ್ಟು ಕಾದಿರಬೇಡ! ಮೋಂಬತ್ತಿ ಉರಿಯಲಿಲ್ಲ. ಕರಗಿ, ಒಣಮಣ್ಣಿಗೆ ಇಳಿಯಿತು. ಅಂಗಡಿಯ ಮೋಂಬತ್ತಿಯ ಮೇಣವೂ ಎಣ್ಣೆಯ ಮಗುವೇ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಮಾತೆ ಸ್ವೀಕರಿಸಿದ ಮೋಂಬತ್ತಿಯನ್ನು ಮಣ್ಣಿನೊಳಗೆ ಹುಡುಕಲು ಅವರಿಗೆ ತೋಚಿರಲೇ ಇಲ್ಲ.

“ಮೇಣ ಬೇರೆ, ಕಚ್ಚಾ ಎಣ್ಣೆ ಬೇರೆ ವಿವೇಕ್. ಅದು ನಿಮಗೂ ಗೊತ್ತುಂಟು.”

“ಗೊತ್ತು ಸರ್. ಆದ್ರೆ ಇಷ್ಟು ಮೇಣ ಕುಡಿದಿರೋ ಮಣ್ಣು ಮೊದಲು ಶುದ್ಧ ಇತ್ತು ಅಂತ ಯಾರು ಸಹಿ ಹಾಕ್ತಾರೆ? ಬೇರೆಯವರು ತಂದಿದ್ರೆ ನೀವು ಹಾಕ್ತಿದ್ರಾ?”

“ಇಲ್ಲ.”

“ನನಗೂ ಆಸೆ ಇತ್ತು ಸರ್. ಇನ್ನು ಖಲಾಸ್.”

ಮಾದರಿ ಕೆಟ್ಟಿದೆ, ಆಧಾರಕ್ಕೆ ಯೋಗ್ಯವಲ್ಲ ಎಂದು ರುಡಾಲ್ಫರು ತಮ್ಮ ಕೈಯಿಂದಲೇ ವರದಿ ಬರೆದರು. ಕೊನೆಯ ಸಾಲು ಬರೆದ ಮೇಲೆ ಪ್ರಾರ್ಥನೆಯ ಪುಸ್ತಕ ತೆರೆದು ಬತ್ತಿಯ ನೂಲನ್ನು ಬೆಳಕಿಗೆ ಹಿಡಿದರು. ಎರಡು ತುದಿಯೂ ಬೆಳ್ಳಗೆ. ಒಂದು ಕಪ್ಪು ಚುಕ್ಕೆಯಿಲ್ಲ. ಅದೆಷ್ಟೋ ಜನರ ಮಣ್ಣನ್ನು ಕನ್ನಡಕ ಹಾಕಿ ನೋಡಿದವರು ಈ ನೂಲನ್ನು ಒಮ್ಮೆಯೂ ನೋಡಿರಲಿಲ್ಲ.

ಹಬ್ಬದ ಶುಕ್ರವಾರ ಪೂಜೆ ಮುಗಿಸಿ ರಾನ್ಸನ್ನನೂ ಕ್ಲಾರಿಸ್ಸಾಳೂ ಮನೆಗೆ ಬಂದರು. ಈ ವರ್ಷ ಇಗರ್ಜಿಯಲ್ಲಿ ಬರಿಯ ಹೂವು, ತೆನೆಯಿರಲಿಲ್ಲ. ಕಫೀಲ್ ಟಿಕೆಟ್ ಮಾಡಿಸಿಯಾಗಿತ್ತು.

“ನನ್ನಿಂದ ಕೆಟ್ಟಿತು ರಾನ್ಸನ್,” ಎಂದರು ರುಡಾಲ್ಫರು, ಕ್ಲಾರಿಸ್ಸಾ ಮೂರ್ತಿಯ ಮುಂದೆ ಜಪಕ್ಕೆ ನಿಂತಾಗ, ತಗ್ಗಿದ ದನಿಯಲ್ಲಿ. “ಮೋಂಬತ್ತಿ ಕರಗಿ ಮಣ್ಣಿಗೆ ಇಳಿದದ್ದು. ಅದನ್ನು ಇಡದಿದ್ರೆ—”

“ಬಿಡಿ ಬಾಬ್. ನೀವು ಬೇಕೂಂತ ಮಾಡಿದ್ದಾ?” ರಾನ್ಸನ್ ನೆಲ ನೋಡುತ್ತ ಹೇಳಿದ. ಅವನ ಉಗುರಿನ ಸಂದಿಯಲ್ಲಿ ಇನ್ನೂ ತೋಟದ ಕಪ್ಪು ಇತ್ತು.

ಕ್ಲಾರಿಸ್ಸಾ ಖಾಲಿ ಭರಣಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. “ಬಾಬ್, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಆ ನೂಲು ನಮಗೆ ಕೊಡ್ತೀರಾ? ಊರಲ್ಲಿ ಎಂತ ಗತಿಯೋ. ಜೊತೆಗೆ ಅದು ಇದ್ರೆ ಧೈರ್ಯ.”

ರುಡಾಲ್ಫರು ಬಾಯಿ ತೆರೆದರು. ರಾನ್ಸನ್ ತಲೆಯೆತ್ತಿ, ಹೇಳಬೇಡಿ ಎಂಬಂತೆ ಅವರನ್ನೇ ನೋಡಿದ. ಅವರು ಪುಸ್ತಕದಿಂದ ನೂಲು ತೆಗೆದು ಅವಳ ಅಂಗೈಗೆ ಇಟ್ಟರು.

“ನೋಡಿ, ನೋಡಿ! ಎಷ್ಟು ಬೆಳ್ಳಗೆ ಉಂಟು!” ಎಂದಳು ಕ್ಲಾರಿಸ್ಸಾ. “ಮೋಂಬತ್ತಿ ಪೂರಾ ಉರಿದ್ರೂ ಬತ್ತಿ ಸುಡಲಿಲ್ಲ. ಮಾತೆಯ ಬೆಂಕಿ ಅಂದ್ರೆ ಹಾಗೆ, ಅಲ್ವಾ ಬಾಬ್?”

“ಹೌದು,” ಎಂದರು ರುಡಾಲ್ಫರು.

ಅವಳು ಅದನ್ನು ಕರ್ಚೀಫಿನಲ್ಲಿ ಮಡಿಸಿ ಎದೆಯ ಬಳಿ ಇಟ್ಟುಕೊಂಡಳು. ಅವರು ಹೋದ ಮೇಲೆ ರುಡಾಲ್ಫರು ಬಾಗಿಲು ಹಾಕಿ ಮೂರ್ತಿಯ ಮುಂದೆ ಮೊಣಕಾಲೂರಿದರು. ನಮಾನ್ ಮರಿಯೆ ಎಂದು ಮಾತೆಯ ಜಪ ತೊಡಗಿದರು. ಮುಂದಿನ ಮಾತು ಬರಲಿಲ್ಲ. ಮತ್ತೆ ತೊಡಗಿದರು, ಮತ್ತೆ ಅಲ್ಲಿಗೇ ನಿಂತಿತು. ಮರೀನಾ ಎಲ್ಲಿಗೆ ತಲುಪಿದಳೋ ಈಗ ಅವರಿಗೆ ತಿಳಿಯದು. ಕಿಟಕಿಯ ಬಿಸಿಲು ಭರಣಿಯನ್ನು ಕಾಯಿಸುತ್ತಲೇ ಇತ್ತು.