ತಮ್ಮನ ಕುದುರೆ ಬಿಟ್ಟು

ಒಂದೇ ಕುದುರೆಯನ್ನು ನಂಬಿ ದುಡ್ಡು ಸುರಿಯುವವರನ್ನು ಕಂಡರೆ ಕ್ಷೌರಿಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವನದು ಪ್ರತಿ ರೇಸಿಗೂ ಮೂರು ಕುದುರೆ. ಗೆಲ್ಲುವಂತಿರುವುದಕ್ಕೆ ಹೆಚ್ಚು, ಅನುಮಾನದ್ದಕ್ಕೆ ಕಡಿಮೆ. ಮೂರರಲ್ಲಿ ಯಾವುದು ಗೆದ್ದರೂ ಕೈಗೆ ಬರುವುದು ಒಂದೇ ಮೊತ್ತ, ಹಾಕಿದ್ದಕ್ಕಿಂತ ತುಸು ಮೇಲೆ. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಬಾಯಿ ಬಿಡಲಾಗದೆ ಕೂತ ಗಿರಾಕಿಗಳಿಗೆಲ್ಲ ಈ ಪಾಠ ಆಗಿತ್ತು.

ಅವನ ತಮ್ಮ ರೇಸಿನ ಕುದುರೆ ಓಡಿಸುವ ಜಾಕಿ. ತಾಯಿ ಸತ್ತ ಮೇಲೆ ಅಣ್ಣನೇ ಸೊಂಟದ ಮೇಲೆ ಹೊತ್ತು ಸಾಕಿದವನು. ಈಗ ತಮ್ಮನ ಮಂಡಿ ಕೈಕೊಟ್ಟಿತ್ತು. ಇವತ್ತಿನದೇ ಕೊನೆಯ ಸವಾರಿ. ಬೆಳಿಗ್ಗೆ ಅಂಗಡಿಗೆ ಬಂದು ತಲೆ ಒಡ್ಡಿ ಕೂತ.

"ಅಣ್ಣಾ, ಇಷ್ಟು ವರ್ಷದಲ್ಲಿ ಒಂದು ಸಲನೂ ನನ್ನ ಕುದುರೆ ಮೇಲೆ ಹಾಕಿಲ್ಲ ನೀನು. ಇವತ್ತಾದ್ರೂ ಹಾಕು. ಆ ಚೀಟಿ ನಂಗೆ ಬೇಕು, ಇಟ್ಕೋತೀನಿ."

"ನಿಂಗೆ ಯಾವತ್ತಾದ್ರೂ ನೆಟ್ಟಗಿರೋ ಕುದುರೆ ಕೊಟ್ಟಿದ್ರೆ ತಾನೇ?" ಅಣ್ಣ ನಕ್ಕು, ಅವನ ಕುತ್ತಿಗೆಯ ಮೇಲಿನ ಕೂದಲು ಊದಿದ. "ಹಾಕ್ತೀನಿ ಹೋಗೋ."

ಹಾಕಬೇಕೆಂದೇ ಹೋದ. ಟಿಕೆಟ್ ಕಿಟಕಿಯ ಮುಂದೆ ನಿಂತಾಗ ಹಾಳು ಲೆಕ್ಕ ತಲೆಗೇರಿತು. ತಮ್ಮನದು ಯಾರೂ ಮೂಸಿ ನೋಡದ ಕುದುರೆ. ಗೆದ್ದರೆ ಹಲವು ಪಟ್ಟು ಕೊಡುವುದರಿಂದ ಅದಕ್ಕೆ ಚಿಲ್ಲರೆ ಕಾಸು ಹಾಕಿದರೆ ಸಾಕು. ಆದರೆ ಉಳಿದ ಮೂರರ ಲಾಭ ಆ ಚಿಲ್ಲರೆಯಷ್ಟು ಇಳಿಯುತ್ತದಲ್ಲ! ಗೆಲ್ಲದ ಕುದುರೆಗೆ ಯಾಕೆ ದಂಡ? ಚೀಟಿ ಎಲ್ಲೋ ಬಿದ್ದುಹೋಯಿತು ಅಂದರಾಯಿತು. ಎಂದಿನಂತೆ ಮೂರೇ ಕೊಂಡ.

ತಮ್ಮನ ಕುದುರೆ ಗೆದ್ದಿತು.

ಕೊನೆಯ ತಿರುವಿನಲ್ಲಿ ಅದು ಬೇಲಿಯ ಪಕ್ಕದಿಂದ ನುಸುಳಿ ಮುಂದೆ ಬಂದಾಗ ಕ್ಷೌರಿಕ ಲೆಕ್ಕವೆಲ್ಲ ಮರೆತು ಗಂಟಲು ಹರಿಯುವಂತೆ ಕೂಗುತ್ತಿದ್ದ. ಗೆದ್ದ ಮೇಲೆಯೇ ಅವನಿಗೆ ಜೇಬಿನ ನೆನಪಾದದ್ದು.

ತಮ್ಮ ಕುಂಟುತ್ತಾ ಬಂದ. ಮುಖವೆಲ್ಲ ಮಣ್ಣು, ಹಲ್ಲು ಮಾತ್ರ ಬೆಳ್ಳಗೆ. "ಎಲ್ಲಿ, ಕೊಡು ಚೀಟಿ."

ಬಿದ್ದುಹೋಯಿತು ಎನ್ನಲು ನಾಲಿಗೆ ಏಳಲಿಲ್ಲ. ತಮ್ಮನೇ ಅಣ್ಣನ ಜೇಬಿಗೆ ಕೈ ಹಾಕಿದ, ಚಿಕ್ಕವನಿದ್ದಾಗ ಪೆಪ್ಪರಮೆಂಟಿಗೆ ಹಾಕುತ್ತಿದ್ದ ಹಾಗೆ. ಮೂರು ಚೀಟಿ ಬಂದವು. ಒಂದೊಂದನ್ನೂ ಓದಿದ. ಮತ್ತೆ ಕೈ ಹಾಕಿ, ಜೇಬಿನ ತಳದವರೆಗೂ ತಡಕಿದ.

"ನಂದೂ ಸೇರಿಸಿದ್ರೆ ಎಷ್ಟು ಕಮ್ಮಿ ಆಗ್ತಿತ್ತು ಅಣ್ಣಾ?"

"ಒಂದು ಗಡ್ಡ ಕೆರೆದ ದುಡ್ಡು," ಎಂದ ಕ್ಷೌರಿಕ. ಆ ಕ್ಷಣಕ್ಕೂ ಅವನ ಲೆಕ್ಕ ತಪ್ಪಲಿಲ್ಲ.

ತಮ್ಮ ಮೂರು ಚೀಟಿಗಳನ್ನೂ ಮಡಚಿ ಅಣ್ಣನ ಜೇಬಿಗೆ ಸೇರಿಸಿದ. ಬಿದ್ದುಹೋಗದಿರಲಿ ಎಂದು ಗುಂಡಿಯನ್ನೂ ಹಾಕಿದ. ಆಮೇಲೆ ಕುಂಟುತ್ತಾ ಹೊರಟವನನ್ನು ಕರೆದು ನಿಲ್ಲಿಸಲು ಕ್ಷೌರಿಕನಿಗೆ ಮುಖವಿರಲಿಲ್ಲ.